ಎಲ್ಲರಿಗೂ ಜೂನ್ ಒಂದು

ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನ ಎದುರಿಗೆ ನನ್ನದು ಮೂರು ಕಂಪ್ಯೂಟರುಗಳ ಸಣ್ಣ ಅಂಗಡಿ. 2005ರ ಮಾತು. ವಿಜಾಪುರದ ಒಂದು ಟ್ರಸ್ಟಿನವರು ನರ್ಸಿಂಗ್ ತರಬೇತಿಯ ಉಚಿತ ಸೀಟುಗಳನ್ನು ತಮ್ಮ ವೆಬ್‌ಸೈಟಿನಲ್ಲೇ ಹಂಚುತ್ತಿದ್ದರು. ಪುಟ ತೆರೆಯುವ ಮೊದಲೇ ಒಂದು ಸಣ್ಣ ಪೆಟ್ಟಿಗೆ ಎದ್ದು ಬಂದು ಅರ್ಜಿ ನಂಬರು, ಪಾಸ್‌ವರ್ಡು ಕೇಳುತ್ತಿತ್ತು. ಪಾಸ್‌ವರ್ಡು ಎಂದರೆ ಹುಟ್ಟಿದ ತಾರೀಖು.

ನಮ್ಮ ಕಡೆಯ ನಲವತ್ತಮೂರು ಹುಡುಗಿಯರು ಅಂಚೆಯಲ್ಲಿ ಅರ್ಜಿ ಹಾಕಿ, ನಂಬರು ನನಗೆ ಕೊಟ್ಟು, 'ಸೀಟು ಬಂದರೆ ಹೇಳಿ' ಎಂದಿದ್ದರು. ದಿನಾ ಒಬ್ಬೊಬ್ಬಳದನ್ನೂ ತೆರೆದು ನೋಡುವುದೆಂದರೆ ಬೆರಳು ಸವೆಯಬೇಕು. ನಡುವೆ ಕರೆಂಟು ಬೇರೆ ಹೋಗುತ್ತದೆ. ಪುಸ್ತಕ ನೋಡಿ ಕಲಿತ ವಿದ್ಯೆಯಲ್ಲಿ ಒಂದು ಸ್ಕ್ರಿಪ್ಟ್, ಅಂದರೆ ಕಂಪ್ಯೂಟರು ತಾನೇ ಮಾಡಬೇಕಾದ ಕೆಲಸದ ಪಟ್ಟಿ, ಬರೆದು, ಬಾಡಿಗೆಗೆ ಹಿಡಿದ ದೂರದ ಸರ್ವರಿನ ಮೇಲೆ ಹಾಕಿದೆ. ಅದು ಹದಿನೈದು ನಿಮಿಷಕ್ಕೊಮ್ಮೆ ತಾನೇ ಎಲ್ಲರ ನಂಬರು ಹಾಕಿ ಒಳಹೊಕ್ಕು, ಯಾರಿಗೆ ಸೀಟು ಬಂತು, ಯಾರಿಗೆ ಇನ್ನೂ ಇಲ್ಲ ಎಂದು ನನಗೆ ಪಟ್ಟಿ ಕಳಿಸುತ್ತಿತ್ತು.

ಹುಟ್ಟಿದ ತಾರೀಖನ್ನು ಮೊದಲ ಹತ್ತು ಹುಡುಗಿಯರಿಗೆ ಕೇಳಿದೆ. ಹತ್ತೂ ಮಂದಿ ಜೂನ್ ಒಂದು ಎಂದರು. ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಎಲ್ಲರಿಗೂ ಬರೆಯುವುದು ಅದನ್ನೇ, ನನ್ನದೂ ಅದೇ. ಹನ್ನೊಂದನೆಯವಳಿಂದ ಕೇಳುವುದನ್ನೇ ಬಿಟ್ಟೆ. ಜೂನ್ ಒಂದು, ವರ್ಷ ಎಂಬತ್ತಾರು, ಎಂಬತ್ತೇಳು, ಎಂಬತ್ತೆಂಟು, ಮೂರನ್ನೂ ಹಾಕಿ ನೋಡು ಎಂದು ಬರೆದುಬಿಟ್ಟೆ.

ಸೀಟು ಒಪ್ಪಿಕೊಳ್ಳಲು ಕೊನೆಯ ದಿನ. ಬೆಳಿಗ್ಗೆ ಹನ್ನೊಂದಕ್ಕೆ ಢವಳಗಿಯ ಗುಂಡವ್ವ ಮಗಳು ಸುವರ್ಣಾಳನ್ನು ಕರೆದುಕೊಂಡು ಬಂದಳು.

"ಏನಪಾ ಶಹಾಬುದ್ದೀನ, ನಾಕು ದಿನದಿಂದ ಫೋನ್ ಹಚ್ಚಿದ್ರ ಇನ್ನೂ ಬಂದಿಲ್ಲ, ಇನ್ನೂ ಬಂದಿಲ್ಲ ಅಂತಿ. ಇಕಿಗಿಂತ ಕಡಿಮಿ ಮಾರ್ಕ್ಸ್ ಬಿದ್ದ ಭಾಗ್ಯಜ್ಯೋತಿಗೆ ಸಿಕ್ಕೈತಿ. ನಿನ್ನ ಮಷೀನಕ್ಕ ನಮ್ಮ ಢವಳಗಿ ಮ್ಯಾಲ ಏನ್ ಸಿಟ್ಟು?"

"ಸಿಟ್ಟೆಲ್ಲಿದುಬೇ ಯವ್ವಾ. ತಡಿ, ನಿಮ್ಮ ಮುಂದನ ತಗದು ತೋರಸ್ತೇನಿ."

ನಂಬರು ಹಾಕಿ ಜೂನ್ ಒಂದು ಎಂದು ಒತ್ತತೊಡಗಿದೆ. ಸುವರ್ಣಾ ಬಗ್ಗಿ ನೋಡಿದಳು.

"ಅಣ್ಣಾ, ಅದು ಯಾರ ತಾರೀಖರಿ?"

"ನಿಂದಲಾ ಮತ್ತ."

"ನಂದು ಅಕ್ಟೋಬರ್ ಹದಿನಾಕರಿ."

ಗುಂಡವ್ವ ಸೆರಗು ಸರಿಮಾಡಿಕೊಂಡಳು. "ಮಾಸ್ತರನೂ ಜೂನ್ ಒಂದು ಬರ್ಯಾಕ ಹೋಗಿದ್ದ. ಹಡದಾಕಿ ನಾನೋ ನೀನೋ ಅಂತ ಕೇಳಿ, ದವಾಖಾನಿ ಚೀಟಿ ಮುಂದಿಟ್ಟು, ಖರೇ ತಾರೀಖ ಬರಿಸೇನಿ."

ಅಕ್ಟೋಬರ್ ಹದಿನಾಲ್ಕು ಹಾಕಿದೆ. ಕೆಂಪು ಅಕ್ಷರಗಳು ಬಂದವು: ಈ ನಂಬರನ್ನು ತಡೆಹಿಡಿಯಲಾಗಿದೆ, ಕಚೇರಿಗೆ ಬನ್ನಿ.

ಸ್ಕ್ರಿಪ್ಟಿಗೆ ನಾನು ಕಲಿಸಿದ್ದು ಎರಡೇ ಮಾತು. ಸೀಟಿನ ಪುಟ ಸಿಕ್ಕರೆ ಬಂತು, ಸಿಗದಿದ್ದರೆ ಇನ್ನೂ ಬಂದಿಲ್ಲ. ಬಾಗಿಲೇ ತೆರೆಯದಿದ್ದರೆ ಏನೆನ್ನಬೇಕೆಂದು ಕಲಿಸಿರಲೇ ಇಲ್ಲ.

ವಿಜಾಪುರಕ್ಕೆ ಫೋನ್ ಹಚ್ಚಿದೆ. ಐದರೊಳಗೆ ಹುಡುಗಿ ಅಸಲು ಅಂಕಪಟ್ಟಿ ಹಿಡಿದು ಎದುರಿಗೆ ಬರಬೇಕು, ಇಲ್ಲದಿದ್ದರೆ ಸೀಟು ಮುಂದಿನವರಿಗೆ ಎಂದರು. ಅಂಕಪಟ್ಟಿ ಸುವರ್ಣಾಳ ಚೀಲದಲ್ಲೇ ಇತ್ತು. ಶಟರ್ ಎಳೆದು ಮೂವರೂ ಬಸ್ಸು ಹತ್ತಿದೆವು. ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ ಮುಂದಕ್ಕೆ ನಿಂತೇ ಹೋದೆವು. ದಾರಿಯುದ್ದಕ್ಕೂ ಗುಂಡವ್ವ ಅಂಕಪಟ್ಟಿಯ ಚೀಲವನ್ನು ಎದೆಗವಚಿಕೊಂಡೇ ನಿಂತಳು. ಬೈದಿದ್ದರೆ ಹಗುರಾಗುತ್ತಿತ್ತು.

ಕಚೇರಿಯಲ್ಲಿ ಕಂಪ್ಯೂಟರಿನ ಉಸ್ತುವಾರಿ ಚೇತನಕುಮಾರ ಸಾಹೇಬರದು. ಅವರು ಪರದೆಯನ್ನು ನಮ್ಮತ್ತ ತಿರುಗಿಸಿದರು.

"ಇಕಿ ನಂಬರ್ ಮ್ಯಾಲ ನಾಕು ದಿನದಾಗ ಸಾವಿರದ ನೂರಾ ಐವತ್ತೆರಡು ಸಲ ತಪ್ಪು ತಾರೀಖು ಬಡದಾರ. ಸೀಟ್ ಕದಿಯಾಕ ಯಾರೋ ನಿಂತಾರಂತ ಕೀಲಿ ಹಾಕೇವಿ. ಪೊಲೀಸರಿಗೆ ಬರದು ಕೊಡೂದೊಂದು ಬಾಕಿ ಐತಿ."

"ಆ ಕಳ್ಳ ನಾನರಿ," ಎಂದೆ.

ಎಲ್ಲ ಹೇಳಿದೆ.

"ಅಂದ್ರ ಉಳದ ನಲವತ್ತೆರಡು ಹುಡುಗ್ಯಾರದು ತಗದು ನೋಡೀರಿ. ತಾರೀಖು ಕೇಳದನ?"

"ಹತ್ತು ಮಂದೀದು ಕೇಳಿದ್ದೆರಿ."

ಅವರು ತಮ್ಮ ಪಟ್ಟಿಯಿಂದ ಸಿಂದಗಿಯ ಒಂದು ನಂಬರು ಹಾಕಿ, ಜೂನ್ ಒಂದು ಒತ್ತಿ, ವರ್ಷ ಬದಲಿಸಿ ನೋಡಿದರು. ತೆರೆಯಿತು. ಇಂಡಿ ತಾಲೂಕಿನದೊಂದು ಹಾಕಿದರು. ಅದೂ ತೆರೆಯಿತು. ಆರನೆಯದು ತೆರೆದಾಗ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತರು. ಪುಟದ ಕೆಳಗೆ 'ಸೀಟು ಬೇಡ' ಎಂಬ ಗುಂಡಿ ಇತ್ತು. ಯಾರದೋ ಮಗಳ ಸೀಟನ್ನು ಯಾರು ಬೇಕಾದರೂ ಕೂತಲ್ಲಿಂದಲೇ ಬಿಟ್ಟುಕೊಡಬಹುದಿತ್ತು. ಇಷ್ಟು ದಿನ ನಲವತ್ತೆರಡು ಗುಂಡಿಗಳು ನನ್ನ ಕೈಯಳತೆಯಲ್ಲಿದ್ದವು ಎಂಬುದು ನನಗೆ ಅಲ್ಲಿ, ಆಗ ಹೊಳೆಯಿತು.

"ಎಂಥಾ ಕೀಲಿ ಮಾಡೇವಿ ನಾವು," ಎಂದು ಸಾಹೇಬರು ತಮ್ಮಷ್ಟಕ್ಕೇ ಅಂದರು.

ತಪ್ಪೊಪ್ಪಿಗೆ ಬರೆಸಿಕೊಂಡು ರುಜು ಮಾಡಿಸಿಕೊಂಡರು. ಗಂಟೆ ನಾಲ್ಕೂ ನಲವತ್ತು ಆಗಿದ್ದಾಗ ಸುವರ್ಣಾಳ ನಂಬರು ಬಿಡುಗಡೆಯಾಯಿತು. ಸೀಟು ನಾಲ್ಕು ದಿನದ ಹಿಂದೆಯೇ ಬಂದು ಕೂತಿತ್ತು. ಅವಳು 'ಒಪ್ಪಿದೆ' ಒತ್ತಿದಳು. ಗುಂಡವ್ವ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು.

"ಹೊಸ ಪಾಸ್‌ವರ್ಡಿಗೆ ತಾರೀಖು ಬ್ಯಾಡ. ನಿನಗಷ್ಟ ಗೊತ್ತಿರೂವಂಥದು ಏನಾರ ಹಾಕವ್ವಾ," ಎಂದರು ಸಾಹೇಬರು, ಮುಖ ಅತ್ತ ತಿರುಗಿಸಿ.

ಸುವರ್ಣಾ ಬೆರಳು ಕೀಲಿಗಳ ಮೇಲಿಟ್ಟಳು, ಒತ್ತಲಿಲ್ಲ. ನನ್ನ ಕಡೆ ನೋಡಿದಳು.

"ಅಣ್ಣಾ, ತಪ್ಪು ತಿಳಕೋಬ್ಯಾಡ್ರಿ. ಜರಾ ಹೊರಗ ನಿಂದರ್ರಿ."

ನಾನು ಹೊರಗೆ ಹೋಗಿ ಬಾಗಿಲು ಎಳೆದುಕೊಂಡು ನಿಂತೆ.