ಮೇಷ್ಟ್ರ ಗಂಟು

ಶವಪೆಟ್ಟಿಗೆಯಲ್ಲಿದ್ದ ಅಪ್ಪನ ಎದೆಯ ಮೇಲಿನ ಹೂಗುಚ್ಛವನ್ನು ಮಗಳು ಎರಡನೆಯ ಸಲ ಎತ್ತಿ ಕಾಲ ಬುಡಕ್ಕೆ ಸರಿಸಿದಳು. ಮೊದಲ ಸಲ ಸರಿಸಿದ್ದನ್ನು ಶಾಲೆಯ ಹೆಡ್‌ಮಿಸ್ ಬಂದು ಮತ್ತೆ ಎದೆಗೇ ಏರಿಸಿ, ಎಲೆ ಸರಿಮಾಡಿ, ಕಣ್ಣೊರೆಸಿಕೊಂಡು ಹೋಗಿದ್ದಳು. ಹೆಡ್‌ಮಿಸ್ ಬೇರೆ ಯಾರೂ ಅಲ್ಲ, ಇವಳ ಜೊತೆ ಇದೇ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವಳು.

"ಎಲ್ಲಿದ್ರೇನೇ, ಹೂವು ತಾನೆ. ಬಿಡು," ಎಂದಳು ಪಕ್ಕದ ಕುರ್ಚಿಯಲ್ಲಿದ್ದ ಅಮ್ಮ.

"ಅವಳು ಇಟ್ಟ ಕಡೆಯೇ ಯಾಕಿರಬೇಕು?"

ಇವತ್ತೊಂದು ದಿನವಾದರೂ ಅಪ್ಪ ಮನೆಯಲ್ಲಿರಲಿ ಎಂದು ಮಗಳು ಹಟ ಹಿಡಿದಿದ್ದಳು. ಯಾರು ಕೇಳಿದರು? ಹೆಡ್‌ಮಿಸ್ಸಿನ ಒಂದು ಫೋನಿಗೆ ಅಮ್ಮ ಕರಗಿ ನೀರಾದಳು, ಪೆಟ್ಟಿಗೆ ಶಾಲೆಯ ಸಭಾಂಗಣಕ್ಕೆ ಬಂತು. ಊರಂಚಿನ ಬಡಾವಣೆಯವರು ಸೇರಿ ಕಟ್ಟಿಕೊಂಡ ಶಾಲೆ ಅದು. ಹುಡುಗರು ಹುಡುಗಿಯರು ಒಟ್ಟಿಗೆ ಓದಿ, ಸಂಜೆ ಬೆಲ್ ಹೊಡೆದರೆ ಮನೆ ಸೇರುತ್ತಿದ್ದರು. ಸೇರದೆ ಇದ್ದವನು ಆಟದ ಮೇಷ್ಟ್ರಾಗಿದ್ದ ಅಪ್ಪ ಒಬ್ಬನೇ. ಕೊನೆಯ ಮಗುವನ್ನು ಕರೆದೊಯ್ಯಲು ಯಾರಾದರೂ ಬರುವ ತನಕ ಗೇಟಿನ ಹತ್ತಿರ ಹರಟುತ್ತ ನಿಂತಿರುತ್ತಿದ್ದ. ಅವನ ಸ್ವಂತ ಮಗು ಒಳಗೆ ಚೀಲ ತಬ್ಬಿಕೊಂಡು ಕಾಯುತ್ತಿತ್ತು.

ಈಗ ಸಭಾಂಗಣದ ತುಂಬ ಹಳೆಯ ವಿದ್ಯಾರ್ಥಿಗಳು. ಎಲ್ಲರ ಬಾಯಲ್ಲೂ ಒಂದೇ ಮಾತು, ಮೇಷ್ಟ್ರು ಮೊಣಕಾಲೂರಿ ತಮ್ಮ ಬೂಟಿನ ಲೇಸು ಕಟ್ಟಿಕೊಡುತ್ತಿದ್ದದ್ದು.

"ಇಡೀ ದಿನ ಕುಣಿದ್ರೂ ಬಿಚ್ಚುತ್ತಿರ್ಲಿಲ್ಲ ಕಣೋ ಆ ಗಂಟು," ಎಂದ ಅವರಲ್ಲೊಬ್ಬ, ಹಲ್ಲಿನ ಡಾಕ್ಟರು.

"ನಮ್ಮಪ್ಪ ನಂಗೆ ಒಂದಿನಾನೂ ಲೇಸು ಕಟ್ಟಿದವನಲ್ಲ. ಇವರೇ ನಂಗಪ್ಪ," ಎಂದ ಬಸ್ಸಿನ ಡ್ರೈವರು.

ಮಗಳ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರು ಬೇಡ. ತಲೆ ನರೆತ ಹೆಂಗಸಿಗೆ, ಅದೂ ಅಪ್ಪ ಸತ್ತ ದಿನ, ಇದು ಶೋಭಿಸುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಆರುತ್ತದೆಯೇ?

ಹೆಡ್‌ಮಿಸ್ ಮಾತಾಡಲು ನಿಂತಳು. "ಗುಬ್ಬಿ ಅಂತ ನಂಗೆ ಹೆಸರಿಟ್ಟಿದ್ದೇ ಮೇಷ್ಟ್ರು," ಎಂದವಳು ಮುಂದೆ ಹೋಗಲಾರದೆ ಗಳಗಳ ಅತ್ತಳು. ಮಗಳ ಕಣ್ಣು ಒಣಗಿಯೇ ಇತ್ತು. ಶಾಲೆಯಲ್ಲಿ ಅಪ್ಪ ಅವಳನ್ನು ಕರೆಯುತ್ತಿದ್ದದ್ದು ಹಾಜರಿಯಲ್ಲಿದ್ದ ಹೆಸರಿನಿಂದ.

*

ಆಗ, ಶಾಲೆಯ ಓಟದ ಪಂದ್ಯದ ದಿನ, ಮಗಳು ಗುಬ್ಬಿ ಇಬ್ಬರೂ ಒಂದೇ ಗೆರೆಯ ಮೇಲೆ ನಿಂತಿದ್ದರು. ಸೀಟಿ ಬಾಯಿಗಿಟ್ಟಿದ್ದ ಅಪ್ಪ ಅದನ್ನು ಇಳಿಸಿ, "ತಡೀರಿ, ತಡೀರಿ! ಗುಬ್ಬಿ ಲೇಸು!" ಎಂದು ಓಡಿಬಂದು ಮಣ್ಣಿನಲ್ಲಿ ಮೊಣಕಾಲೂರಿದ. ಪಕ್ಕದಲ್ಲಿದ್ದ ಮಗಳು ಮೆಲ್ಲಗೆ ಬಗ್ಗಿ, ಗಟ್ಟಿಯಾಗಿ ಕಟ್ಟಿದ್ದ ತನ್ನ ಲೇಸಿನ ತುದಿ ಹಿಡಿದು ಎಳೆದಳು.

"ಸಾರ್, ನಂದೂ."

ಅಪ್ಪ ನೋಡಿದ. ಬೇಕೆಂದೇ ಬಿಚ್ಚಿದ್ದೆಂದು ಅವನಿಗೆ ತಿಳಿಯಿತೋ ಏನೋ. "ನಿಂಗೆ ಬರತ್ತಲ್ಲ, ನೀನೇ ಕಟ್ಕೋ," ಎಂದ.

ಅವಳು ಕಟ್ಟಿಕೊಳ್ಳಲಿಲ್ಲ. ಸೀಟಿ ಊದಿದ ಮೇಲೆ ಅರ್ಧ ದಾರಿಯಲ್ಲಿ ತನ್ನ ಲೇಸು ತಾನೇ ತುಳಿದು ಮುಗ್ಗರಿಸಿದಳು. ಗುಬ್ಬಿ ಗೆದ್ದಳು.

ಕಟ್ಟಿಕೊಳ್ಳಲು ಬರುತ್ತಿದ್ದುದೇನೋ ನಿಜ. ಶಾಲೆಗೆ ಸೇರುವ ಮುಂಚೆ ಅಡುಗೆಮನೆಯ ನೆಲದ ಮೇಲೆ ಕೂರಿಸಿಕೊಂಡು ಅಪ್ಪ ಕಲಿಸಿದ್ದ. ತನ್ನ ದೊಡ್ಡ ಬೂಟನ್ನು ಅವಳ ತೊಡೆಯ ಮೇಲಿಟ್ಟು, ಅವಳ ಬೆನ್ನ ಹಿಂದೆ ಕೂತು, ಅವಳ ಬೆರಳುಗಳನ್ನು ಹಿಡಿದು ಆಡಿಸಿದ್ದ. ಒಂದು ಕುಣಿಕೆ, ಅದಕ್ಕೆ ಎರಡು ಸುತ್ತು, ಹಿಂದಿನಿಂದ ಒಳಗೆ. "ಶಾಲೇಲಿ ನಾನು ನಿಂದು ಕಟ್ಟಲ್ಲ, ಆಯ್ತಾ? ಮೇಷ್ಟ್ರ ಮಗಳು ಅಂತ ಆಡ್ಕೋತಾರೆ." ತಪ್ಪಿತು, ಬಿಚ್ಚಿದರು, ಮತ್ತೆ ತಪ್ಪಿತು, ಮತ್ತೆ ಬಿಚ್ಚಿದರು. ಊಟ ಆರಿಹೋಯಿತೆಂದು ಅಮ್ಮ ಗೊಣಗಿದಳು. ಮಗಳಿಗೆ ಅದೊಂದು ಶಿಕ್ಷೆಯೆಂದೇ ನೆನಪು.

*

"ಮುಚ್ಚೋ ಹೊತ್ತಾಯ್ತು," ಎಂದು ಪೆಟ್ಟಿಗೆಯವನು ಕಾಲ ಬುಡದ ಹೂವು ಎತ್ತಿದ. ಕೆಳಗೆ ಅಪ್ಪನ ಬಿಳಿ ಬೂಟುಗಳು. ಎರಡರ ಲೇಸುಗಳೂ ಜೋತು ಬಿದ್ದಿದ್ದವು.

"ಇದೇನಪ್ಪಾ ಹೀಗೆ?" ಅಮ್ಮ ಎದ್ದೇಬಿಟ್ಟಳು. "ಲೇಸು ಕಟ್ಕೊಳ್ದೆ ಯಾವತ್ತಾದ್ರೂ ಹೊಸಿಲು ದಾಟಿದವರಾ ಅವರು?"

"ಮನೆಯವರೇ ಕಟ್ಲಿ ಅಂತ ಬಿಟ್ಟೆ ಅಮ್ಮಾ."

ಮನೆಯವರು ಏಳುವಷ್ಟರಲ್ಲಿ ಹೆಡ್‌ಮಿಸ್ ಬಂದಾಗಿತ್ತು. "ನಾನು ಕಟ್ತೀನಿ. ಮೇಷ್ಟ್ರ ಗಂಟೇ ಹಾಕೋಣ." ಸುತ್ತಿದಳು, ಎಳೆದಳು, ಜಾರಿತು. "ಹಾಗಲ್ಲ ಮಿಸ್," ಎಂದು ಡ್ರೈವರು ಕೈಹಾಕಿದ. ಅವನದೂ ಜಾರಿತು. ಡಾಕ್ಟರು ಕನ್ನಡಕ ಏರಿಸಿಕೊಂಡು ಬಗ್ಗಿದ, ಸಿಕ್ಕು ಮಾಡಿಟ್ಟ.

"ಅಯ್ಯೋ, ನಮಗ್ಯಾರಿಗೂ ಬರಲ್ವಲ್ರೋ!" ಹೆಡ್‌ಮಿಸ್ ಅಳುತ್ತಲೇ ನಕ್ಕಳು. "ಯಾವಾಗ್ಲೂ ಅವರೇ ಕಟ್ಟಿಬಿಡ್ತಿದ್ರು."

"ಸ್ವಲ್ಪ ಆಚೆ ಸರಿ," ಎಂದಳು ಮಗಳು.

ಸಿಕ್ಕು ಬಿಡಿಸಿದಳು. ಬೆರಳುಗಳಿಗೆ ದಾರಿ ಗೊತ್ತಿತ್ತು. ಕುಣಿಕೆ, ಎರಡು ಸುತ್ತು, ಹಿಂದಿನಿಂದ ಒಳಗೆ. ಗಂಟು ಬಿಗಿಯಿತು. ಬೆಳಗಿನಿಂದ ಬಾರದ ಅಳು ಈಗ ಒತ್ತರಿಸಿಕೊಂಡು ಬಂತು.

"ಎಷ್ಟು ಚೆನ್ನಾಗಿ ಕೂತ್ಕೊಂತು! ಇನ್ನೊಂದು ಕಾಲಿಗೆ ಹಾಕುವಾಗ ನಂಗೂ ತೋರಿಸೇ," ಎಂದು ಹೆಡ್‌ಮಿಸ್ ಅವಳ ಭುಜದ ಮೇಲಿಂದ ಇಣುಕಿದಳು. "ಮಕ್ಕಳಿಗೆ ಹೇಳ್ಕೊಡ್ತೀನಿ."

ಮಗಳು ಪೆಟ್ಟಿಗೆಯ ಆಚೆ ಬದಿಗೆ ಹೋಗಿ, ಇಡೀ ಶಾಲೆಗೆ ಬೆನ್ನು ಹಾಕಿ ಮೊಣಕಾಲೂರಿ, ಎರಡೂ ಕೈಗಳ ಮರೆಯಲ್ಲಿ, ಯಾರಿಗೂ ಕಾಣದ ಹಾಗೆ ಅಪ್ಪನ ಇನ್ನೊಂದು ಲೇಸು ಕಟ್ಟತೊಡಗಿದಳು.