ಬೆರಳು ಜಾರಿತು

ಮೂವತ್ತೊಂದು ವರ್ಷ ರೇಡಿಯೋದಲ್ಲಿ ಹಾಕಿ ಆಟದ ಕಾಮೆಂಟರಿ ಹೇಳಿದ ಮನುಷ್ಯನಿಗೆ ‘ಬಾಯಿ ಮುಚ್ಚಿಕೊಂಡಿರಿ’ ಅಂತ ಹೇಳುವುದು ಸುಲಭ. ಇರಿಸಿ ನೋಡಬೇಕು, ಆಗ ಗೊತ್ತಾಗುತ್ತದೆ ಆ ಮನೆಯವರ ಪಾಡು.

ಕೇಳುಗರಿಗೆಲ್ಲ ಅವರು ‘ಗಂಟೆ’. ಕಂಠ ಗಂಟೆಯ ಹಾಗಿದೆ ಎಂದು ಯಾರೋ ಪುಣ್ಯಾತ್ಮ ಕಾಗದ ಬರೆದಿದ್ದ, ಅದೇ ಹೆಸರಾಗಿ ನಿಂತಿತು. ಮೈದಾನದಲ್ಲಿ ಚೆಂಡು ಒಂದು ಸ್ಟಿಕ್ಕಿನಿಂದ ಇನ್ನೊಂದಕ್ಕೆ ಹೋಗುವ ಮೊದಲೇ ಗಂಟೆಯವರ ಬಾಯಲ್ಲಿ ಹೋಗಿ ತಲುಪಿರುತ್ತಿತ್ತು. ಅಂಥವರ ಗಂಟಲಲ್ಲಿ ಗಂಟು ಬೆಳೆದು, ಡಾಕ್ಟರಮ್ಮ ಅದನ್ನು ಕತ್ತರಿಸಿ ತೆಗೆದು, ಮೂರು ವಾರ ಒಂದಕ್ಷರ ಆಡಕೂಡದು ಅಂದುಬಿಟ್ಟಿದ್ದರು.

“ಪಿಸುಗುಟ್ಟೋದೂ ಬೇಡ. ಅದು ಇನ್ನೂ ಕೆಟ್ಟದ್ದು. ಗಾಯ ಹಸಿಯಾಗಿದೆ. ಈಗ ಗಂಟಲು ಹರ್ಕೊಂಡ್ರೆ ಆಮೇಲೆ ಧ್ವನಿ ಅಂತ ಏನೋ ಒಂದು ಬರುತ್ತೆ, ಇಲ್ಲ ಅನ್ನಲ್ಲ. ಆದ್ರೆ ಅದನ್ನ ತಗೊಂಡು ನೀವು ರೇಡಿಯೋಗೆ ಹೋಗೋ ಹಾಗಿಲ್ಲ.”

ಗಂಟೆಯವರು ತಲೆಯಾಡಿಸಿ ಮನೆಗೆ ಬಂದರು. ಬಂದವರು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ನಡುಮನೆಯಿಂದ ಅಡುಗೆಮನೆಗೆ, ಅಲ್ಲಿಂದ ಕಿಟಕಿಗೆ, ಕಿಟಕಿಯಿಂದ ಮತ್ತೆ ನಡುಮನೆಗೆ. ಬೀದಿಯಲ್ಲಿ ಒಂದು ಸೈಕಲ್ ಹೋದರೆ ಸಾಕು, ಮಾತು ಗಂಟಲಿನ ತನಕ ಎದ್ದು ಬರುತ್ತಿತ್ತು. ಎಡಗಡೆಯಿಂದ ಬಂದ, ನಾಯಿಯನ್ನು ತಪ್ಪಿಸಿದ, ಬಲಕ್ಕೆ ತಿರುಗಿದ, ಆಹಾ! ಹೇಳುವ ಹಾಗಿಲ್ಲ. ನುಂಗಿಕೊಳ್ಳಬೇಕು. ಹೇಳಬೇಕಾದದ್ದನ್ನೆಲ್ಲ ಹಳೆಯ ಹಾಳೆಗಳ ಹಿಂಬದಿಯಲ್ಲಿ ಬರೆದು ಹೆಂಡತಿಯ ಮುಖದ ಮುಂದೆ ಹಿಡಿಯುತ್ತಿದ್ದರು. ಆಕೆ ಕನ್ನಡಕ ಹುಡುಕುವಷ್ಟರಲ್ಲಿ ಇವರಿಗೆ ಇನ್ನೊಂದು ಮಾತು ಹುಟ್ಟಿರುತ್ತಿತ್ತು.

“ಅಬ್ಬಾ, ಮದುವೆಯಾಗಿ ಇಪ್ಪತ್ತೆಂಟು ವರ್ಷಕ್ಕೆ ನನ್ನದೂ ಒಂದು ಮಾತು ಪೂರ್ತಿಯಾಯ್ತು ನೋಡ್ರೀ,” ಅಂದಳು ಆಕೆ. “ಆ ಡಾಕ್ಟ್ರಮ್ಮ ನೂರು ವರ್ಷ ಬಾಳ್ಲಿ.”

ಗಂಟೆಯವರಿಗೆ ನಗು ಬರಲಿಲ್ಲ. ಬರುವುದಾದರೂ ಹೇಗೆ? ಹನ್ನೊಂದನೆಯ ದಿನಕ್ಕೆ ಫೈನಲ್ ಪಂದ್ಯ. ಮೂವತ್ತೊಂದು ವರ್ಷದಲ್ಲಿ ಒಂದು ಫೈನಲ್ಲೂ ಬೇರೆಯವರ ಬಾಯಿಗೆ ಬಿದ್ದದ್ದಿಲ್ಲ. ಈ ಸಲ ರೇಡಿಯೋ ನಿಲಯದ ಸಾಹೇಬರು ಫೋನ್ ಮಾಡಿ, ಗಂಟೆಯವರ ಕುರ್ಚಿಯಲ್ಲಿ ಬೆರಳು ಕೂರುತ್ತಾಳೆ ಅಂದಿದ್ದರು. ಚೆನ್ನಾಗಿ ಹೇಳಿದರೆ ಮುಂದಿನ ವರ್ಷದ ಪಂದ್ಯಗಳನ್ನೂ ಅವಳಿಗೇ ಕೊಡುವ ಯೋಚನೆ ಇದೆ, ನಿಮಗೂ ವಯಸ್ಸಾಯಿತಲ್ಲ ಎಂದೂ ಸೇರಿಸಿದ್ದರು. ಫೋನ್ ಹಿಡಿದಿದ್ದ ಗಂಟೆಯವರು ಉತ್ತರ ಕೊಡಲಾಗದೆ ಗೋಡೆ ಗುದ್ದಿದರು.

ಬೆರಳು ಎಂದರೆ ಯಾರು ಅಂತ ಹೇಳಿಬಿಡುತ್ತೇನೆ. ಕಾಮೆಂಟರಿ ಹೇಳುವವನ ಪಕ್ಕದಲ್ಲಿ ಇನ್ನೊಬ್ಬರು ಕೂರುತ್ತಾರೆ. ಅವರ ಮುಂದೊಂದು ಹಲಗೆ, ಹಲಗೆಯ ಮೇಲೆ ಆಟಗಾರರ ಹೆಸರು ಬರೆದ ಬಿಲ್ಲೆಗಳು. ಮೇಲಿನ ಭಾಗ ಮೈದಾನ, ಕೆಳಗಿನ ಪಟ್ಟಿ ಬೆಂಚು. ಹಾಕಿಯಲ್ಲಿ ಆಟ ನಿಲ್ಲಿಸದೆಯೇ ಆಟಗಾರರು ಬದಲಾಗುತ್ತಿರುತ್ತಾರೆ. ಒಬ್ಬ ಓಡಿ ಹೊರಗೆ ಹೋಗುತ್ತಾನೆ, ಇನ್ನೊಬ್ಬ ಓಡಿ ಒಳಗೆ ಬರುತ್ತಾನೆ, ಯಾರೂ ಸೀಟಿ ಊದಿ ಹೇಳುವುದಿಲ್ಲ. ಅದನ್ನು ನೋಡಿ ನೋಡಿ ಬಿಲ್ಲೆ ಬದಲಿಸಬೇಕು. ಚೆಂಡು ಯಾರ ಹತ್ತಿರ ಇದೆಯೋ ಅವನ ಬಿಲ್ಲೆಯ ಮೇಲೆ ಬೆರಳಿಡಬೇಕು. ಮೇಲಿನ ಪೆಟ್ಟಿಗೆಯಂಥ ಕೋಣೆಯಿಂದ ಬೆನ್ನಿನ ನಂಬರು ಎಲ್ಲಾ ಹೊತ್ತಿನಲ್ಲೂ ಕಾಣುವುದಿಲ್ಲ. ಮೈಕಿನವನು ಕಡೆಗಣ್ಣಿನಲ್ಲಿ ಬೆರಳು ನೋಡುತ್ತಾನೆ, ಹೆಸರು ಕೂಗುತ್ತಾನೆ. ಹನ್ನೆರಡು ವರ್ಷದಿಂದ ಆ ಬೆರಳು ಅವಳದು. ನಲವತ್ತರ ಹತ್ತಿರದ ಹೆಂಗಸು, ಕಡಿಮೆ ಮಾತು, ತಲೆಗೂದಲಲ್ಲಿ ಸದಾ ಒಂದು ಪೆನ್ಸಿಲ್.

ತಪ್ಪು ಯಾರಿಗೆ ಆಗುವುದಿಲ್ಲ ಹೇಳಿ? ಆದಾಗಲೆಲ್ಲ ಗಂಟೆಯವರು ಮೈಕಿನಲ್ಲೇ ನಕ್ಕು, “ನಮ್ಮ ಬೆರಳು ಜಾರಿತು, ಕೇಳುಗರು ಕ್ಷಮಿಸಬೇಕು” ಅನ್ನುತ್ತಿದ್ದರು. ಕೇಳುಗರೂ ನಗುತ್ತಿದ್ದರು. ಹೋಟೆಲಿನಲ್ಲಿ ಟೀ ಕೇಳಿದವರಿಗೆ ಕಾಫಿ ಬಂದರೆ “ಬೆರಳು ಜಾರಿತೇನಪ್ಪಾ?” ಅಂತ ಜನ ಮಾಣಿಯನ್ನು ರೇಗಿಸುವಷ್ಟು ಆ ಮಾತು ಬಳಕೆಗೆ ಬಂದಿತ್ತು. ಜಾರಿದ್ದು ಯಾವಾಗಲೂ ಬೆರಳೇ ಏನು ಅಂತ ಯಾರೂ ಕೇಳಿರಲಿಲ್ಲ. ಅವಳೂ ಕೇಳಿರಲಿಲ್ಲ.

ಗಂಟೆಯವರು ಎರಡು ದಿನ ಮನೆಯೊಳಗೆ ತಿರುಗಿ ತಿರುಗಿ, ಮೂರನೆಯ ದಿನ ಸಾಹೇಬರಿಗೊಂದು ಚೀಟಿ ಕಳಿಸಿದರು. ಫೈನಲ್ ದಿನ ಹಲಗೆಯ ಮುಂದೆ ನಾನೇ ಕೂರುತ್ತೇನೆ, ಮಾತಿಲ್ಲದ ಕೆಲಸ ತಾನೇ, ಅಂತ. ಸಾಹೇಬರು ಒಪ್ಪಿದರು. ಹೆಂಡತಿ ಚೀಟಿಯ ಸಮಾಚಾರ ಕೇಳಿ ಸೊಂಟದ ಮೇಲೆ ಕೈಯಿಟ್ಟಳು.

“ಯಾಕ್ರೀ ಈ ಉಸಾಬರಿ?”

ಸಹಾಯಕ್ಕೆ, ಎಂದು ಬರೆದು ತೋರಿಸಿದರು.

“ಸಹಾಯಕ್ಕೋ, ಅವಳು ಎಡವೋದನ್ನ ನೋಡೋಕೋ?”

ಗಂಟೆಯವರು ಹಾಳೆ ಮಡಿಸಿ ಜೇಬಿಗೆ ಹಾಕಿಕೊಂಡರು. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದವಳ ಹತ್ತಿರ ಸುಳ್ಳು ನಡೆಯುವುದಿಲ್ಲ. ಅವಳು ಎಡವಲಿ ಎಂದೇ ಅವರಿಗೆ ಆಸೆ ಇತ್ತು. ದೊಡ್ಡದಾಗಿ ಏನೂ ಬೇಡ, ಒಂದೆರಡು ಸಲ ತಡವರಿಸಲಿ, ನಡುವೆ ಒಮ್ಮೆ ಮಾತು ಸಿಗದೆ ಒದ್ದಾಡಲಿ. ಗಂಟೆ ಇದ್ದಿದ್ದರೆ ಎಂದು ನಾಲ್ಕು ಜನ ಅಂದರೆ ಸಾಕು, ಕುರ್ಚಿ ಉಳಿಯುತ್ತದೆ.

ಫೈನಲ್ ಮಧ್ಯಾಹ್ನ ಕಬ್ಬಿಣದ ಮೆಟ್ಟಿಲು ಹತ್ತಿ ಅವರು ಮೇಲೆ ಬಂದಾಗ ಅವಳು ಆಗಲೇ ಬಂದು ಕುರ್ಚಿಯ ಹಿಂದೆ ನಿಂತಿದ್ದಳು. ಕೂತಿರಲಿಲ್ಲ.

“ಕೈ ನಡುಗ್ತಿದೆ ಸಾರ್,” ಅಂದಳು. “ಹನ್ನೆರಡು ವರ್ಷ ಇಲ್ಲೇ ಇದ್ದೀನಿ, ಆ ಮೈಕು ಇಷ್ಟು ದೊಡ್ಡದು ಅಂತ ಇವತ್ತೇ ಗೊತ್ತಾಗಿದ್ದು.”

ಗಂಟೆಯವರು ಅವಳ ಭುಜ ತಟ್ಟಿ ಕೂರಿಸಿದರು. ಒಳಗೊಳಗೇ ಖುಷಿಯಾಯಿತು. ನಡುಗಲಿ, ನಡುಗಲಿ.

ಆದರೆ ಆಟ ಶುರುವಾದ ಮೇಲೆ ಅವಳು ನಡುಗಲಿಲ್ಲ. ಅವಸರವೂ ಇಲ್ಲ, ಅಬ್ಬರವೂ ಇಲ್ಲ. ಚೆಂಡು ಎಲ್ಲಿದೆ, ಯಾರ ಹತ್ತಿರ ಇದೆ, ಎದುರಿಗೆ ಯಾರಿದ್ದಾರೆ, ಗೋಲಿಗೆ ಎಷ್ಟು ದೂರ, ಇಷ್ಟೇ. ನಡುನಡುವೆ ಸುಮ್ಮನಿದ್ದು ಮೈದಾನದ ಸದ್ದನ್ನೂ ಕೇಳಿಸುತ್ತಿದ್ದಳು. ಗಂಟೆಯವರು, ಈ ಜಾಗದಲ್ಲಿ ನಾನಾಗಿದ್ದರೆ ಎಷ್ಟು ಹೇಳುತ್ತಿದ್ದೆ, ಇವಳು ಬಿಟ್ಟುಬಿಟ್ಟಳಲ್ಲಾ ಅಂತ ಕಾಲು ಕುಣಿಸಿದರು, ಕುರ್ಚಿ ಕಿರುಗುಟ್ಟಿಸಿದರು, ಎರಡು ಸಲ ಎದ್ದು ಕೂತರು.

ಆಮೇಲೆ ಅವರಿಗೆ ಇನ್ನೊಂದು ಸಂಗತಿ ಗೊತ್ತಾಗತೊಡಗಿತು. ಅವರಿಗೆ ಹಲಗೆಯ ಕೆಲಸ ಬರುತ್ತಿರಲಿಲ್ಲ. ಬೆಂಚನ್ನು ನೋಡಬೇಕು ಅಂದುಕೊಂಡರೆ ಕಣ್ಣು ತಾನಾಗಿ ಚೆಂಡಿನ ಹಿಂದೆ ಓಡುತ್ತಿತ್ತು. ಮೂವತ್ತೊಂದು ವರ್ಷದ ಚಾಳಿ, ಹೇಳಿದ ಮಾತು ಕೇಳುತ್ತದೆಯೇ? ಆಟಗಾರರ ಮುಖಗಳೂ ಅವರಿಗೆ ಸರಿಯಾಗಿ ಪರಿಚಯವಿರಲಿಲ್ಲ. ಇಷ್ಟು ವರ್ಷ ಕೂಗಿದ ಹೆಸರುಗಳೆಲ್ಲ ಪಕ್ಕದ ಬೆರಳಿನಿಂದ ಬಂದವು. ಬಿಲ್ಲೆಗಳು ಹಿಂದೆ ಬೀಳುತ್ತಿದ್ದವು. ಅವಳು ಉಸಿರು ತೆಗೆದುಕೊಳ್ಳುವ ಸಂದಿನಲ್ಲಿ ಮೈಕು ಮುಚ್ಚಿ “ಸಾರ್, ಬಿಲ್ಲೆ” ಅನ್ನುತ್ತಿದ್ದಳು. ಒಂದು ಸಲ, ಎರಡು ಸಲ, ಐದು ಸಲ. ಒಮ್ಮೆಯೂ ದನಿ ಏರಿಸಲಿಲ್ಲ. ಗಂಟೆಯವರ ಅಂಗೈ ಬೆವೆತು ಬಿಲ್ಲೆಗಳು ಅಂಟತೊಡಗಿದವು.

ಕೊನೆಯ ಕಾಲು ಭಾಗ. ಎರಡೂ ಕಡೆ ಗೋಲಿಲ್ಲ. ಬಲಗಡೆಯಿಂದ ಚೆಂಡು ಗೋಲಿನ ಮುಂದಕ್ಕೆ ನುಗ್ಗಿತು, ಆರೇಳು ಜನ ಒಬ್ಬರ ಮೇಲೊಬ್ಬರು ಬಿದ್ದರು, ಆ ಗುಂಪಿನೊಳಗಿಂದ ಯಾರದೋ ಸ್ಟಿಕ್ ತಗುಲಿ ಚೆಂಡು ಗೋಲಿನೊಳಗಿನ ಹಲಗೆಗೆ ಬಡಿಯಿತು. ಅವಳು ಕಡೆಗಣ್ಣಿನಲ್ಲಿ ಬೆರಳು ನೋಡಿದಳು. ಗಂಟೆಯವರ ಬೆರಳು ನಮ್ಮ ತಂಡದ ನಾಯಕನ ಬಿಲ್ಲೆಯ ಮೇಲಿತ್ತು.

“ಗೋಲು! ನಾಯಕನ ಗೋಲು! ಫೈನಲ್ಲಿನ ಮೊದಲ ಗೋಲು ನಾಯಕನದು!”

ನಾಯಕ ಆಗ ಬೆಂಚಿನ ಪಕ್ಕದಲ್ಲಿ ಕುತ್ತಿಗೆಗೆ ಟವೆಲ್ ಹಾಕಿಕೊಂಡು, ನೀರಿನ ಬಾಟಲಿ ಹಿಡಿದು ಕುಣಿಯುತ್ತಿದ್ದ. ಅವನು ಹೊರಗೆ ಹೋಗಿ ಒಂದು ನಿಮಿಷದ ಮೇಲಾಗಿತ್ತು.

ಅವಳು ಅದನ್ನು ನೋಡಿದಳು. ಗಂಟೆಯವರೂ ನೋಡಿದರು. ಕೇಳುಗರ ಪ್ರಾಣದಂಥ ನಾಯಕ, ಲಕ್ಷಾಂತರ ಮನೆಗಳಲ್ಲಿ ಜನ ಈಗ ಎದ್ದು ನಿಂತು ಕೂಗುತ್ತಿರುತ್ತಾರೆ. ಗಂಟೆಯವರು ಕುರ್ಚಿಯಲ್ಲಿ ಮುದುಡಿದರು. ಈಗ ಅವಳು ಹೇಳುತ್ತಾಳೆ, ಬೆರಳು ಜಾರಿತು ಅಂತ. ಹೇಳಲಿ. ಮುಯ್ಯಿಗೆ ಮುಯ್ಯಿ. ಹನ್ನೆರಡು ವರ್ಷ ಹೇಳಿಸಿಕೊಂಡವಳಿಗೆ ಒಂದು ದಿನ ಹೇಳುವ ಹಕ್ಕಿಲ್ಲವೇ?

“ತಿದ್ದಿಕೊಳ್ಳಬೇಕು,” ಅಂದಳು ಅವಳು ಮೈಕಿಗೆ. “ನಾಯಕ ಬೆಂಚಿನಲ್ಲಿದ್ದಾರೆ. ಗೋಲು ಹೊಡೆದದ್ದು ಅವರ ಬದಲಿಗೆ ಬಂದ ಹದಿನೇಳನೇ ನಂಬರಿನ ಆಟಗಾರ. ತಪ್ಪು ನನ್ನದು, ನಾನು ನೋಡಬೇಕಿತ್ತು. ಆಟ ಮತ್ತೆ ಶುರುವಾಗಿದೆ, ಚೆಂಡು ನಡು ಮೈದಾನದಲ್ಲಿ.”

ಮಾತಾಡುತ್ತಲೇ ಕೈ ಚಾಚಿ ನಾಯಕನ ಬಿಲ್ಲೆಯನ್ನು ಕೆಳಗಿನ ಪಟ್ಟಿಗೆ ತಾನೇ ಸರಿಸಿದಳು. ಗಂಟೆಯವರಿಗೆ ನಾಚಿಕೆಯಿಂದ ಕಿವಿ ಕಾದವು. ಉಳಿದ ಹತ್ತು ನಿಮಿಷ ಅವರು ಚೆಂಡನ್ನು ನೋಡಲೇ ಇಲ್ಲ, ಬೆಂಚನ್ನೇ ನೋಡಿದರು. ಒಂದೇ ಗೋಲಿನಲ್ಲಿ ಪಂದ್ಯ ಮುಗಿಯಿತು.

ಮೈಕಿನ ಕೆಂಪು ದೀಪ ಆರಿದ ಹತ್ತು ನಿಮಿಷಕ್ಕೆ ಸಾಹೇಬರು ದಡದಡ ಮೆಟ್ಟಿಲು ಹತ್ತಿ ಬಂದರು.

“ನೀರು ಕುಡೀತಾ ನಿಂತೋನ ಕೈಲಿ ಗೋಲು ಹೊಡೆಸ್ದೆಯಲ್ಲಮ್ಮಾ!” ಅಂದರು. “ಫೋನ್ ಮೇಲೆ ಫೋನ್ ಬರ್ತಿದೆ ನನಗೆ. ಎಲ್ಲಾ ಬಿಟ್ಟು ಫೈನಲ್ಲಲ್ಲೇ ಆಗ್ಬೇಕಿತ್ತಾ?”

“ಹೌದು ಸಾರ್. ಆಗ್ಬಾರ್ದಿತ್ತು,” ಅಂದಳು ಅವಳು. ಮೈಕಿನ ತಂತಿ ಸುತ್ತುತ್ತಿದ್ದಳು.

ಸಾಹೇಬರು ಗಂಟೆಯವರ ಕಡೆ ತಿರುಗಿದರು. ದನಿ ಮೆತ್ತಗಾಯಿತು. “ಮೈಕಲ್ಲಿ ನೀವಿದ್ದಿದ್ರೆ ಹೀಗಾಗ್ತಿರ್ಲಿಲ್ಲ ಬಿಡಿ. ನಾನೇ ಅವಸರ ಮಾಡ್ದೆ. ಮುಂದಿನ ವರ್ಷವೂ ಕುರ್ಚಿ ನಿಮ್ಮದೇ. ಗಂಟಲು ಜೋಪಾನ ಮಾಡ್ಕೊಳ್ಳಿ. ಅಯ್ಯೋ, ಮಾತಾಡ್ಬೇಡಿ, ತಲೆ ಆಡಿಸಿದ್ರೆ ಸಾಕು.”

ತಲೆ ಆಡಿಸಿದರೆ ಸಾಕು. ಹತ್ತು ದಿನದಿಂದ ಊಟ ನಿದ್ದೆ ಬಿಟ್ಟು ಬೇಡಿಕೊಂಡದ್ದು ತಾನಾಗಿ ಮಡಿಲಿಗೆ ಬಂದು ಬಿದ್ದಿತ್ತು. ಸುಮ್ಮನಿರುವುದು ಡಾಕ್ಟರ ಆಜ್ಞೆ. ಯಾರೂ ತಪ್ಪು ಹುಡುಕುವಂತಿಲ್ಲ. ಅವಳು ತಲೆ ಎತ್ತಲಿಲ್ಲ. ಇವರು ಏನು ಮಾಡುತ್ತಾರೆ ಎಂದು ನೋಡುವ ಕುತೂಹಲವೂ ಅವಳಿಗಿರಲಿಲ್ಲ. ಇವರು ಸುಮ್ಮನಿದ್ದುಬಿಡುತ್ತಾರೆ ಅಂತ ಅವಳಿಗೆ ಗೊತ್ತಿತ್ತು, ಅಷ್ಟೇ. ಗಂಟೆಯವರಿಗೆ ಅದು ಚುಚ್ಚಿತು.

ಹಾಳೆ ಎಳೆದು ಬರೆದರು. ‘ಬಿಲ್ಲೆ ಬದಲಿಸದೆ ಇದ್ದದ್ದು ನಾನು. ತಪ್ಪು ನನ್ನದು.’

ಸಾಹೇಬರು ಓದಿ ನಕ್ಕರು. ಚೀಟಿ ಮಡಿಸಿ ಜೇಬಿಗೆ ಇಟ್ಟುಕೊಂಡರು. “ದೊಡ್ಡ ಮನಸ್ಸು ನಿಮ್ದು. ನೋಡಿ ಕಲೀಬೇಕಮ್ಮಾ, ಹಿರಿಯರು ಅಂದ್ರೆ ಹೀಗಿರ್ತಾರೆ. ನಿನ್ನ ತಪ್ಪನ್ನೂ ತಮ್ಮ ತಲೆ ಮೇಲೆ ಹಾಕ್ಕೊಳ್ತಿದ್ದಾರೆ.”

“ಅಲ್ಲ,” ಅಂದರು ಗಂಟೆಯವರು.

ಅದು ಅವರ ಧ್ವನಿಯಾಗಿರಲಿಲ್ಲ. ಎಣ್ಣೆ ಕಾಣದ ಕೀಲಿನ ಸದ್ದು. ಅವಳ ಕೈಯಿಂದ ತಂತಿ ಜಾರಿ ನೆಲಕ್ಕೆ ಬಿತ್ತು. “ಸಾರ್, ಬೇಡ! ಗಂಟಲು ಸಾರ್!”

“ಅಲ್ಲ ರೀ. ಇವತ್ತಿಂದು ನನ್ನದು. ಇವತ್ತಿಂದು ಮಾತ್ರ ಅಲ್ಲ. ಮೂರು ವರ್ಷದ ಹಿಂದೆ ಸೆಮಿಫೈನಲ್. ಇವಳ ಬೆರಳು ಸರಿಯಾಗೇ ಇತ್ತು. ನಾನೇ ಅವಸರ ಬಿದ್ದು ಬೇರೆ ಹೆಸರು ಕೂಗ್ದೆ. ಬೆರಳು ಜಾರಿತು ಅಂದೆ.”

ಗಂಟಲಲ್ಲಿ ಏನೋ ಹರಿದ ಹಾಗಾಗಿ ಬಾಯಿಗೆ ಬಿಸಿ ಉಪ್ಪು ಬಂತು. ನಿಲ್ಲಿಸಬೇಕು ಅಂತ ಗೊತ್ತಾಯಿತು. ನಿಲ್ಲಿಸಲಿಲ್ಲ. ಇಷ್ಟು ವರ್ಷ ನಿಲ್ಲಿಸಿ ಗೊತ್ತಿದ್ದರೆ ತಾನೇ?

“ಅದರ ಹಿಂದಿನ ವರ್ಷ, ಆ ಮಳೆ ಪಂದ್ಯ. ಕೊನೇ ನಿಮಿಷದ ಗೋಲು. ಇವಳು ಎರಡು ಸಲ ತೋರಿಸಿದ್ಲು. ನಾನು ನೋಡಲಿಲ್ಲ. ಆವತ್ತೂ ಜನ ಇವಳನ್ನೇ ಆಡಿಕೊಂಡು ನಕ್ಕರು. ಅದಕ್ಕೂ ಮೊದಲು...”

ತುಟಿ ಆಡಿತು, ಸದ್ದು ಬರಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದರು. ಗಾಳಿ ಮಾತ್ರ ಬಂತು. ಸಾಹೇಬರು ಕೈಯಲ್ಲಿದ್ದ ಫೋನು ಹೊಡೆದುಕೊಳ್ಳುತ್ತಿದ್ದರೂ ತೆಗೆಯದೆ ನಿಂತಿದ್ದರು. ಗಂಟೆಯವರು ಮೇಜಿನ ಅಂಚು ಹಿಡಿದು, ಬಾಯಿ ತೆರೆದು, ಆ ಮಾತನ್ನು ಹೊರಗೆ ತಳ್ಳಲು ಒದ್ದಾಡಿದರು.

ಅವಳು ಗ್ಲಾಸಿಗೆ ನೀರು ಬಗ್ಗಿಸಿ ಅವರ ಮುಂದಿಟ್ಟಳು. ಸಾಹೇಬರನ್ನು ನೋಡಲಿಲ್ಲ, ಗಂಟೆಯವರನ್ನೇ ನೋಡಿದಳು.

“ಅದಕ್ಕೂ ಮೊದಲು ಆ ವರ್ಷದ ಎರಡನೇ ಲೀಗ್ ಪಂದ್ಯ,” ಅಂದಳು. “ಪೆನಾಲ್ಟಿ ಸ್ಟ್ರೋಕ್. ಹೊಡೆದಿದ್ದು ಎಂಟನೇ ನಂಬರು. ನೀವು ಆರು ಅಂದ್ರಿ.”

ಗಂಟೆಯವರು ಹೌದೆಂದು ತಲೆಯಾಡಿಸಿದರು. ಅವಳು ಮುಂದಿನದನ್ನು ಹೇಳಿದಳು.