ಹೊಳೆಯುವ ಕೊಕ್ಕೆ

ಒದ್ದೆ ಬಟ್ಟೆಯಿಂದ ಅವಳು ಬೆಲ್ಟುಗಳನ್ನು ಒಂದೊಂದಾಗಿ ಒರೆಸುತ್ತಿದ್ದಳು. ಮೊದಲು ಭುಜದ ಪಟ್ಟಿ, ಆಮೇಲೆ ತೊಡೆಯ ಪಟ್ಟಿ, ಕೊನೆಗೆ ಹಗ್ಗ ಮತ್ತು ಅದರ ತುದಿಯ ಕೊಕ್ಕೆ. ಹೊಲಿಗೆ ಎಲ್ಲಾದರೂ ಬಿಟ್ಟಿದೆಯೇ ಎಂದು ಹೆಬ್ಬೆರಳಿನಿಂದ ತಡವಿ ನೋಡಿ, ಸರಿಯಿದ್ದರೆ ಗೋಡೆಯ ಮೊಳೆಗೆ ತೂಗುಹಾಕುವಳು. ಸಾಮಾನು ಕೋಣೆಯ ತಗಡಿನ ಮಾಡು ಇನ್ನೂ ಕಾದಿರಲಿಲ್ಲ. ಹೊರಗೆಲ್ಲೋ ಮೇಸ್ತ್ರಿ ಕೆಮ್ಮುತ್ತಿದ್ದ.

ಶಾಲೆ ಬಿಟ್ಟ ಮೇಲೆ ಸಿಕ್ಕಿದ ಕೆಲಸ ಇದು. ಕಟ್ಟುತ್ತಿರುವ ಕಟ್ಟಡದ ಎತ್ತರಕ್ಕೆ ಹತ್ತುವವರು, ಜಾರಿದರೆ ಹಿಡಿದುಕೊಳ್ಳುವ ಈ ಬೆಲ್ಟನ್ನು ಬೆಳಿಗ್ಗೆ ಇವಳ ಕೈಯಿಂದ ಪಡೆದು, ಸಂಜೆ ಇವಳ ಕೈಗೇ ಕೊಟ್ಟು ಹೋಗಬೇಕು. ಬೆಲ್ಟಿಲ್ಲದವನನ್ನು ಏಣಿಯ ಬುಡದಲ್ಲಿರುವ ಕಾವಲುಗಾರ ಬಿಡುವುದಿಲ್ಲ. ಬಾಯಿ ತೆರೆಯದೆಯೇ ಮಾಡಿ ಮುಗಿಸಬಹುದಾದ ಕೆಲಸವಾದ್ದರಿಂದ ಅವಳಿಗೆ ಅದು ಒಗ್ಗಿತ್ತು. ಕಂಬಿ ಕಟ್ಟುವವರು ಅವಳಿಗೆ ಮೂಗಿ ಎಂದು ಹೆಸರಿಟ್ಟಿದ್ದರು.

ಕೊಕ್ಕೆ ನೋಡಿಯೇ ಅದು ಯಾರದೆಂದು ಅವಳಿಗೆ ಗೊತ್ತಾಗುತ್ತಿತ್ತು. ಬಣ್ಣದವರ ಕೊಕ್ಕೆಗೆ ಬಣ್ಣ ಮೆತ್ತಿರುತ್ತದೆ, ಗಾರೆಯವರದಕ್ಕೆ ಸಿಮೆಂಟು. ದಿನವೆಲ್ಲ ಕಬ್ಬಿಣಕ್ಕೆ ಸಿಕ್ಕಿಸಿ ಬಿಚ್ಚಿ ಎಲ್ಲ ಕೊಕ್ಕೆಗಳ ಒಳಬಾಯಿಯೂ ಗೀರುಬಿದ್ದು ಮಸುಕಾಗಿರುತ್ತದೆ. ಅಣ್ಣನದು ಮಾತ್ರ ಈಗಷ್ಟೇ ಅಂಗಡಿಯಿಂದ ತಂದಂತೆ ಹೊಳೆಯುತ್ತಿತ್ತು. ಹುಡುಕಿದರೂ ಒಂದು ಗೀರಿಲ್ಲ.

ಅಣ್ಣ ಸಾರುವೆಯವನು. ಕಟ್ಟಡದ ಸುತ್ತ ಪೈಪು ಜೋಡಿಸಿ, ಹಲಗೆ ಹಾಸಿ, ಉಳಿದವರಿಗೆ ನಿಲ್ಲಲು ಜಾಗ ಮಾಡಿಕೊಡುವುದು, ಅವರ ಕೆಲಸ ಮುಗಿದ ಮೇಲೆ ಅದನ್ನೆಲ್ಲ ಬಿಚ್ಚುವುದು. ಅವನ ಜೊತೆಗಾರನನ್ನು ಎಲ್ಲರೂ ಕುಳ್ಳ ಎಂದೇ ಕರೆಯುತ್ತಿದ್ದರು. ಒಂದೇ ಪೈಪಿನ ಎರಡು ತುದಿ ಹಿಡಿದು ದುಡಿದವರು ಅವರಿಬ್ಬರು. ಸಂಜೆ ಕುಳ್ಳ ಇವರ ಕೋಣೆಗೇ ಊಟಕ್ಕೆ ಬರುತ್ತಿದ್ದ. "ಏನಮ್ಮಾ, ಉಪ್ಪು ಹಾಕೋವಾಗ ಯಾರನ್ನ ನೆನೆಸ್ಕೊಂಡೆ? ಕೈ ಜಾರಿಬಿಟ್ಟಿದೆ!" ಎಂದು ರೇಗಿಸಿ, ಅದನ್ನೇ ಮತ್ತೆ ಮತ್ತೆ ಬಡಿಸಿಕೊಂಡು ತಿನ್ನುವನು. ಅಪ್ಪ ಅಮ್ಮ ಇಲ್ಲದ ಆ ಕೋಣೆಯಲ್ಲಿ ಮಾತು ಎಂಬುದು ಕುಳ್ಳ ಬಾಗಿಲಲ್ಲಿ ಚಪ್ಪಲಿ ಬಿಟ್ಟಾಗ ಶುರುವಾಗಿ, ಅವನು ಚಪ್ಪಲಿ ಮೆಟ್ಟಿದಾಗ ಮುಗಿಯುತ್ತಿತ್ತು.

ಹೋದ ಬೇಸಿಗೆಯಲ್ಲಿ ಕುಳ್ಳ ಬಿದ್ದ. ಕೊಕ್ಕೆ ಹಾಕಿಕೊಂಡೇ ಬಿದ್ದ. ಸಾರುವೆ ಬಿಚ್ಚುವ ಅವಸರದಲ್ಲಿ, ಕೈಗೆ ಹತ್ತಿರವಿದೆಯೆಂದು, ಬಿಚ್ಚುತ್ತಿದ್ದ ಪೈಪಿಗೇ ಅದನ್ನು ಸಿಕ್ಕಿಸಿದ್ದ. ಪೈಪು ಕಳಚಿ ಹೊರಟಿತು, ಅದರ ಹಿಂದೆ ಅವನೂ ಹೊರಟ. ಇನ್ನೊಂದು ತುದಿಯಲ್ಲಿ ಅಣ್ಣನಿದ್ದ.

ಆಮೇಲೆ ಕಂಪನಿಯವರು ಎಲ್ಲರಿಗೂ ಹೊಸ ಬೆಲ್ಟು ತರಿಸಿ, ಪ್ರತಿ ಅಂತಸ್ತಿನ ಕಾಂಕ್ರೀಟು ಕಂಬಕ್ಕೂ ಕಬ್ಬಿಣದ ಬಳೆ ಕೂರಿಸಿದರು. ಕೊಕ್ಕೆ ಹಾಕಿದರೆ ಅಲ್ಲಿಗೇ ಹಾಕಬೇಕು ಎಂದರು. ಎಲ್ಲರೂ ಹಾಕಿದರು. ಅಣ್ಣ ಬೆಲ್ಟು ತೊಟ್ಟು, ಕೊಕ್ಕೆಯನ್ನು ಹೆಗಲ ಮೇಲಿಂದ ಬೆನ್ನಿಗೆ ಎಸೆದುಕೊಳ್ಳುತ್ತಿದ್ದ. ಕೆಳಗಿನಿಂದ ಸುಮ್ಮನೆ ನೋಡುವವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಒಮ್ಮೆ ಬಡಿಸುವಾಗ ಅವಳು ಧೈರ್ಯ ಮಾಡಿ "ಅಣ್ಣಾ, ಕೊಕ್ಕೆ..." ಅಂದಿದ್ದಳು.

"ಅವನು ಹಾಕಿದ್ದ" ಎಂದು ಅಣ್ಣ ತಟ್ಟೆ ಸರಿಸಿ ಎದ್ದುಹೋಗಿದ್ದ.

ಸೇಫ್ಟಿ ಸಾಹೇಬರಿಗೆ ಹೇಳಬಹುದಿತ್ತು. ಹೇಳಿದರೆ ಅಣ್ಣನನ್ನು ಆವತ್ತೇ ಗೇಟಿನಾಚೆ ಹಾಕುತ್ತಾರೆ. ಅವನು ಇನ್ನೊಂದು ಕಟ್ಟಡ ಹುಡುಕಿಕೊಳ್ಳುತ್ತಾನೆ, ಅಲ್ಲಿ ಬೆಲ್ಟೂ ಇರುವುದಿಲ್ಲ, ನೋಡಲು ಇವಳೂ ಇರುವುದಿಲ್ಲ.

ಕುಳ್ಳ ಹೋದ ಮೇಲೆ ಅಣ್ಣ ಬರೀ ಸಾರುವೆ ಕಟ್ಟುತ್ತಿದ್ದ. ಬಿಚ್ಚುವುದು ಇವತ್ತೇ ಮೊದಲು, ಅದೂ ಎಲ್ಲಕ್ಕಿಂತ ಮೇಲಿನ ಅಂತಸ್ತಿನದು. ಅವಳು ಅಣ್ಣನ ಬೆಲ್ಟನ್ನು ಮೊಳೆಗೆ ತೂಗುಹಾಕದೆ ಸಿಮೆಂಟು ಚೀಲಗಳ ಹಿಂದೆ ತುರುಕಿದಳು.

ಬಾಗಿಲಲ್ಲಿ ಸಾಲು ಸೇರಿತು.

"ಏನಮ್ಮಾ ಮೂಗಿ, ಬಾಯಲ್ಲಿ ಮುತ್ತಿಟ್ಕೊಂಡಿದೀಯಾ? ಒಂದಾದ್ರೂ ಉದುರ್ಸು ನೋಡೋಣ" ಎಂದ ಕಂಬಿಯವನು.

"ಮನೇಲಿ ಹೆಂಡ್ತಿ ಹತ್ರ ಅಷ್ಟೊಂದು ಕೇಳ್ಕೊಂಡು ಬಂದ್ಮೇಲೂ ನಿಂಗೆ ಸಾಲ್ದಾ?" ಎಂದ ಹಿಂದಿನವನು. ಸಾಲು ನಕ್ಕಿತು.

ಅಣ್ಣನ ಸರದಿ ಬಂತು. ನೆಲ ನೋಡುತ್ತ ಕೈ ಚಾಚಿದ. ಅವಳು ಇಲ್ಲವೆಂದು ತಲೆ ಆಡಿಸಿದಳು.

"ಏನು?"

"ಹೊಲಿಗೆ ಬಿಟ್ಟಿದೆ."

ಅಣ್ಣ ತಲೆಯೆತ್ತಿದ. ಅವಳಿಗೆ ಸುಳ್ಳು ಹೇಳಲು ಬಾರದೆಂದು ಅವನಿಗೆ ಚಿಕ್ಕಂದಿನಿಂದ ಗೊತ್ತು. "ಎಲ್ಲಿ, ತೋರ್ಸು."

ಅವಳು ಕದಲಲಿಲ್ಲ. "ಇವತ್ತೊಂದು ದಿನ ಕೆಳಗಿರು ಅಣ್ಣಾ."

"ಕೆಳಗಿದ್ದು? ನಿನ್ ಜೊತೆ ಕೂತ್ಕೊಂಡು ಬೆಲ್ಟು ಒರೆಸ್ಲಾ?"

ಹಿಂದಿದ್ದವರು ಮತ್ತೆ ನಕ್ಕರು. ಅಣ್ಣ ನಗಲಿಲ್ಲ. ಅವಳನ್ನು ದಾಟಿ ಕೈ ನೀಡಿ, ರಜೆಯಲ್ಲಿದ್ದ ಬಣ್ಣದವನೊಬ್ಬನ ಬೆಲ್ಟನ್ನು ಮೊಳೆಯಿಂದ ತೆಗೆದುಕೊಂಡು ಹೊರಟುಹೋದ.

ಸಾಲು ಕರಗಿತು. ಅವಳು ಚೀಲಗಳ ಹಿಂದಿನ ಬೆಲ್ಟು ಎಳೆದು, ಮೆತ್ತಿದ ಸಿಮೆಂಟಿನ ಪುಡಿ ಒರೆಸುತ್ತ ಕುಳಿತಳು. ಮೇಲೆ ಕೆಲಸ ಶುರುವಾದದ್ದು ತಗಡಿನ ಮೂಲಕ ಕೇಳಿಸಿತು. ಕುಳ್ಳನಿದ್ದಾಗ ಪ್ರತಿ ಪೈಪು ಕಳಚುವಾಗಲೂ "ಬಂತೂ" ಎಂಬ ಕೂಗು ಇರುತ್ತಿತ್ತು, "ಬರ್ಲಿ" ಎಂದು ಅಣ್ಣ ಓಗೊಡುತ್ತಿದ್ದ. ಇವತ್ತು ಅಣ್ಣನ ಜೊತೆಗೆ ಹೊಸಬನೊಬ್ಬ. ಬರೀ ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದು.

ಅವಳು ಎದ್ದಳು. ಬಾಗಿಲಿಗೆ ಬೀಗ ಹಾಕುವುದನ್ನೂ ಮರೆತು, ಬೆಲ್ಟು ಕೈಯಲ್ಲಿ ಹಿಡಿದೇ ಅಂಗಳ ದಾಟಿ, ಸಾರುವೆಯ ಕೆಳಗೆ ಯಾರೂ ಹೋಗದಂತೆ ಅಡ್ಡ ಕಟ್ಟಿದ್ದ ಹಗ್ಗದ ಹತ್ತಿರ ಹೋಗಿ ನಿಂತಳು. ಮೇಲೆ, ಹಲಗೆಯ ಅಂಚಿನಲ್ಲಿ ಅಣ್ಣ ಬಗ್ಗಿದ್ದ. ಬಣ್ಣದವನ ಕೊಕ್ಕೆ ಅವನ ಬೆನ್ನ ಮೇಲೆ ಸುಮ್ಮನೆ ತೂಗಾಡುತ್ತಿತ್ತು. ಕಂಬದ ಬಳೆ ಅವನ ಕೈಗೆಟುಕುವಷ್ಟು ಹತ್ತಿರದಲ್ಲಿ ಖಾಲಿಯಿತ್ತು.

"ಅಣ್ಣಾ!"

ತನ್ನ ದನಿ ಇಷ್ಟು ದೊಡ್ಡದೆಂದು ಅವಳಿಗೇ ಗೊತ್ತಿರಲಿಲ್ಲ. ಕಂಬಿಯವನು ಇಕ್ಕಳ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದ. ಮೇಸ್ತ್ರಿ ತಿರುಗಿ ನೋಡಿದ. ಯಾರೂ ನಗಲಿಲ್ಲ.

"ಬಿಚ್ಚೋ ಪೈಪಿಗೆ ಬೇಡ ಅಣ್ಣಾ. ಕಂಬದ ಬಳೆಗೆ ಹಾಕು."

ಮೇಲಿನ ಸದ್ದು ನಿಂತಿತು. ಅಣ್ಣ ಪೈಪಿನ ಮೇಲೆ ಎರಡೂ ಕೈ ಊರಿ, ಕೆಳಗೆ ನೋಡದೆ, ಬೆನ್ನು ತೋರಿಸಿ ನಿಂತೇ ಇದ್ದ. ಗಾಳಿಗೆ ಅವನ ಅಂಗಿ ಉಬ್ಬಿ, ಇಳಿದು, ಮತ್ತೆ ಉಬ್ಬಿತು. ಅವಳ ಕೈಯಲ್ಲಿದ್ದ ಕೊಕ್ಕೆಗೆ ಬಿಸಿಲು ಬಿದ್ದು, ಸಣ್ಣ ಬೆಳಕೊಂದು ಗೋಡೆಯ ಮೇಲೆ ನಡುಗುತ್ತಿತ್ತು.

"ಹಾಕ್ಕೊ ಅಣ್ಣಾ."